ಹೋಂಡಾ ಎಸ್2000: ಮುಂದಿನ ಟೈರ್ ಅಗಲ ಮಾಡಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ 2006ರ ಹೋಂಡಾ ಎಸ್2000 ಸ್ಪೋರ್ಟ್ಸ್ ಕಾರು ತಗೊಂಡೆ, ಎಪಿ2 ಮಾಡೆಲ್ (2004ರಿಂದ ಬಂದದ್ದು). ಕಂಪನಿ ಕೊಟ್ಟ ಸೈಜೇ ಇದೆ: ಮುಂದೆ 215/45 ಆರ್17, ಹಿಂದೆ 245/40 ಆರ್17 (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ). ರಿಮ್ ಮುಂದೆ 7 ಇಂಚು, ಹಿಂದೆ 8.5. ಶನಿವಾರ ಭಾನುವಾರ ಹೈವೇ 9, ಸ್ಕೈಲೈನ್ ಕಡೆಯ ಬೆಟ್ಟದ ರಸ್ತೆಗಳಲ್ಲಿ ಓಡಿಸುತ್ತೇನೆ. ಆಗೀಗ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ (ನಮ್ಮ ಕಾರನ್ನೇ ಅಲ್ಲಿ ಓಡಿಸುವ ದಿನ). ಅಲ್ಲಿ ಎರಡನೇ ತಿರುವಿನಲ್ಲಿ, ಆ ಉದ್ದದ ಹೇರ್‌ಪಿನ್‌ನಲ್ಲಿ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಒಳಗೆ ಬರುವುದಿಲ್ಲ, ಹೊರಕ್ಕೇ ಜಾರುತ್ತದೆ. ಮುಂದೆ 225 ಹಾಕಲಾ, 245 ಹಾಕಲಾ, ಅಥವಾ ನಾಲ್ಕಕ್ಕೂ 255 ಹಾಕಿ ಮುಗಿಸಿಬಿಡಲಾ? ನಾಲ್ಕೂ ಒಂದೇ ಸೈಜಾದರೆ ಹಿಂದೆ ಮುಂದೆ ಬದಲಾಯಿಸಿಕೊಂಡು ಓಡಿಸಬಹುದು ಅನ್ನುವ ಆಸೆಯೂ ಇದೆ.

ಸಿಯಾಟಲ್‌ನಿಂದ, ನಿಸಾನ್ 350ಝಡ್

ಸೈಜ್ ಆಮೇಲೆ ನೋಡೋಣ ಸರ್. ಈಗ ಇರುವ ಟೈರ್ ಎಷ್ಟು ಹಳೆಯದು? ಪಕ್ಕದಲ್ಲಿ ಡಾಟ್ (DOT) ನಂಬರಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಗ್ರೂವ್ ಆಳ ಚೆನ್ನಾಗಿ ಕಾಣುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಕೂತಿರುತ್ತದೆ. ಹಳೆಯ 245ಕ್ಕಿಂತ ಹೊಸ 215 ಎಷ್ಟೋ ವಾಸಿ. ಇನ್ನೊಂದು, ಮುಂದೆ ಮಾತ್ರ ಹೊಸದು ಹಾಕಿ ಹಿಂದೆ ಹಳೆಯದು ಬಿಡಬೇಡಿ. ಅದರಲ್ಲೂ ಈ ಕಾರಿನಲ್ಲಿ ಬೇಡವೇ ಬೇಡ.

ಫ್ರೀಮಾಂಟ್‌ನಿಂದ, ಎಸ್2000, ಆಟೋಕ್ರಾಸ್ (ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಸಮಯಕ್ಕೆ ಓಡಿಸುವ ಸ್ಪರ್ಧೆ)

ನನ್ನದೂ ಇದೇ ಕಾರು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮುಂದಿನ ಟೈರ್ ಸಣ್ಣದಾಗಿರುವುದು ಹೋಂಡಾದವರು ಬೇಕೆಂದೇ ಮಾಡಿದ್ದು. ಮೊದಲು ಬಂದ ಎಪಿ1ರಲ್ಲಿ ಮುಂದೆ 205/55 ಆರ್16, ಹಿಂದೆ 225/50 ಆರ್16 ಇತ್ತು. ಆ ಕಾರಿನ ಹಿಂಭಾಗ ಹೇಳದೆ ಕೇಳದೆ ಹೊರಳಿಬಿಡುತ್ತದೆ ಅಂತ ಹೆಸರಾಯಿತು. 2004ರಲ್ಲಿ ಸಸ್ಪೆನ್ಷನ್ ತಿದ್ದಿದರು, ರಿಮ್ 17 ಇಂಚಾಯಿತು. ಆಗ ಟೈರ್ ಮುಂದೆ 10 ಮಿ.ಮೀ. ಅಗಲವಾಯಿತು, ಹಿಂದೆ 20. ಜಾರುವುದಿದ್ದರೆ ಮುಂದಿನದೇ ಮೊದಲು ಜಾರಲಿ ಅನ್ನುವ ಲೆಕ್ಕ ಅದು. ಮುಂದೆ ಜಾರಿದರೆ ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಸಾಕು, ಕಾರು ದಾರಿಗೆ ಬರುತ್ತದೆ. ಹಿಂದೆ ಜಾರುವಾಗ ಕಾಲು ತೆಗೆದರೆ ಇನ್ನೂ ಕೆಡುತ್ತದೆ. ಆಮೇಲೆ ಟ್ರ್ಯಾಕ್ ಮನಸ್ಸಿನಲ್ಲಿಟ್ಟುಕೊಂಡು ತಂದ ಸಿಆರ್ ಮಾಡೆಲ್‌ನಲ್ಲೂ ಮುಂದೆ 215 ಹಾಗೇ ಬಿಟ್ಟು ಹಿಂದೆ 255 ಮಾಡಿದರು! ಮುಂದೆ ಅಗಲ ಮಾಡುವ ಮುಂಚೆ ಇದು ತಲೆಯಲ್ಲಿರಲಿ.

ಹಾಗಂತ ಅಗಲ ಟೈರಿನಿಂದ ಉಪಯೋಗವಿಲ್ಲ ಅಂತಲ್ಲ. ಟೈರಿನ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ತಿರುವಿಗೆ ಬ್ರೇಕ್ ಹಿಡಿದು ನುಗ್ಗಿದಾಗ ಹೊರಬದಿಯ ಮುಂದಿನ ಟೈರೊಂದೇ ಹೆಚ್ಚಿನ ಭಾರ ಹೊರುತ್ತದೆ. ಅಗಲ ಟೈರ್ ಅಂಥ ಭಾರದಲ್ಲಿ ಬೇಗ ಸೋಲುವುದಿಲ್ಲ. ನೆಲಕ್ಕೆ ತಾಗುವ ಜಾಗವೇ ಬಹಳ ಹೆಚ್ಚುತ್ತದೆ ಅಂತ ಅಂಗಡಿಯವರು ಹೇಳಿದರೆ ಪೂರ್ತಿ ನಂಬಬೇಡಿ. ಗಾಳಿ ಅಷ್ಟೇ ಇದ್ದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಒಟ್ಟು ವಿಸ್ತೀರ್ಣ ಅಷ್ಟೇನೂ ಬದಲಾಗುವುದಿಲ್ಲ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಸಲ ಟ್ರ್ಯಾಕ್‌ನಿಂದ ಒಳಗೆ ಬಂದ ಕೂಡಲೇ ಮುಂದಿನ ಟೈರಿನ ಹೊರ ಅಂಚು ನೋಡಿ. ಎಷ್ಟೋ ಟೈರುಗಳಲ್ಲಿ ಪಟ್ಟಿಗಳು ಮುಗಿದು ಪಕ್ಕ ಶುರುವಾಗುವ ಕಡೆ ಉಗುರಿನಷ್ಟು ಪುಟ್ಟ ತ್ರಿಕೋನ ಗುರುತು ಇರುತ್ತದೆ. ರಸ್ತೆಗೆ ಉಜ್ಜಿದ ಒರಟು ಗುರುತು ಆ ತ್ರಿಕೋನದವರೆಗೆ ಬಂದಿದ್ದರೆ ಸರಿ. ಅದನ್ನೂ ದಾಟಿ ರಿಮ್ ಕಡೆಗೆ ಇಳಿದಿದ್ದರೆ ಟೈರ್ ಮಗುಚಿಕೊಂಡು ಅಂಚಿನ ಮೇಲೆ ನಿಲ್ಲುತ್ತಿದೆ ಅಂತ ಅರ್ಥ. ಗಾಳಿ ಸಾಲದು, ಇಲ್ಲವೇ ಕ್ಯಾಂಬರ್ (ಚಕ್ರ ವಾಲಿರುವ ಕೋನ; ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್) ಸಾಲದು. ಕಂಪನಿ ಸೆಟ್ಟಿಂಗ್‌ನಲ್ಲಿ ಮುಂದೆ ಸುಮಾರು ಅರ್ಧ ಡಿಗ್ರಿ ನೆಗೆಟಿವ್ ಕ್ಯಾಂಬರ್, ಹಿಂದೆ ಒಂದೂವರೆ. ಈ ಕಾರಿನಲ್ಲಿ ಕಂಪನಿ ಬೋಲ್ಟಿನಲ್ಲೇ ಕ್ಯಾಂಬರ್ ಹೊಂದಿಸಬಹುದು, ಹೊಸ ಪಾರ್ಟ್ ಬೇಡ. ಒಳ್ಳೆಯ ಅಲೈನ್‌ಮೆಂಟ್ ಅಂಗಡಿಗೆ ಹೋಗಿ, ಮುಂದೆ ಎರಡೂ ಬದಿ ಸಮನಾಗಿ ಎಷ್ಟು ಸಿಗುತ್ತೋ ಅಷ್ಟು ಕೊಡಿ ಅನ್ನಿ. ಹಿಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಮುಟ್ಟಿಸಬೇಡಿ. ನಿಮ್ಮ ತಕರಾರು ಇಲ್ಲಿಗೇ ಅರ್ಧ ಮುಗಿಯಬಹುದು.

ಈಗ ಸೈಜ್. ನಿಮ್ಮ 7 ಇಂಚಿನ ರಿಮ್ಮಿಗೆ 225/45 ಕೂರುತ್ತದೆ, ಆದರೆ ಅದೇ ಕೊನೆ. 245/40ಗೆ ಕನಿಷ್ಠ 8 ಇಂಚು ಬೇಕು. ಕೂರಿಸಿಕೊಡುವ ಅಂಗಡಿ ಸಿಗುತ್ತದೆ, ಅದು ಬೇರೆ ಮಾತು. ಅಗಲ ಪಾದವನ್ನು ಸಣ್ಣ ಚಪ್ಪಲಿಗೆ ತುರುಕಿದ ಹಾಗಿರುತ್ತದೆ. ಪಕ್ಕ ಉಬ್ಬಿಕೊಂಡು, ಸ್ಟೀರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಕಾರು ತಿರುಗುತ್ತದೆ.

255/40ಗೆ 8.5 ಇಂಚಿನಿಂದ ಮೇಲೆ ಬೇಕು. ಎಲ್ಲರೂ ಹೇಳುವ "17ಕ್ಕೆ 9, ಆಫ್‌ಸೆಟ್ 63, ನಾಲ್ಕಕ್ಕೂ 255" ಸುಮ್ನೆ ಹುಟ್ಟಿದ್ದಲ್ಲ. (17 ರಿಮ್ಮಿನ ವ್ಯಾಸ, 9 ಅದರ ಅಗಲ; ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಬೋಲ್ಟ್ ಕೂರುವ ಮುಖಕ್ಕೆ ಎಷ್ಟು ಮಿ.ಮೀ. ಅಂತ.) ಅಮೆರಿಕದ ಎಸ್‌ಸಿಸಿಎ ಕ್ಲಬ್ ನಡೆಸುವ ಆಟೋಕ್ರಾಸ್‌ನ ಎಸ್‌ಟಿಆರ್ ಕ್ಲಾಸಿನಲ್ಲಿ 9 ಇಂಚಿನ ರಿಮ್, 255ರ ಟೈರೇ ಮಿತಿ. ಆ ಕ್ಲಾಸಿನಲ್ಲಿ ಒಂದು ಕಾಲಕ್ಕೆ ಎಸ್2000ಗಳು ಜಾಸ್ತಿ ಇದ್ದವು. ರೂಲಿಗೆ ಹೊಂದಿಸಿ ಕಟ್ಟಿದ ಸೆಟಪ್ಪನ್ನು ನಾವು ರಸ್ತೆ ಕಾರಿಗೆ ಕಾಪಿ ಹೊಡೆಯುತ್ತೇವೆ, ಅಷ್ಟೇ. ಲೆಕ್ಕ ಹಾಕಿ ನೋಡಿ. ಕಂಪನಿಯ ಮುಂದಿನ ರಿಮ್ 7 ಇಂಚು, ಆಫ್‌ಸೆಟ್ 55. ಅದಕ್ಕೆ ಹೋಲಿಸಿದರೆ ಹೊಸ ರಿಮ್ ಹೊರಗೆ ಸುಮಾರು 17 ಮಿ.ಮೀ. ಚಾಚುತ್ತದೆ, ಒಳಗೆ 33. ಫೆಂಡರಿನ ಒಳ ಅಂಚನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ ರೋಲರ್‌ನಲ್ಲಿ ಮಡಚಬೇಕು. ಬಿಸಿ ಸಾಲದಿದ್ದರೆ ಪೇಂಟ್ ಬಿರುಕು ಬಿಡುತ್ತದೆ. ಆಮೇಲೂ ಗುಂಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ "ಸರ್ರ್" ಅಂತ ಪ್ಲಾಸ್ಟಿಕ್ ಲೈನರ್ ಕೆರೆಯುವುದುಂಟು.

ಇಷ್ಟು ಮಾಡಿದ ಮೇಲೆ ಮುಂಭಾಗ ಕಚ್ಚಿ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ, ಮಜಾ ಇದೆ. ಆದರೆ ಈಗ ಹಿಂಭಾಗ ಚಂಚಲ. ಅದನ್ನು ಸರಿದೂಗಿಸಲು ಜನ ಮುಂದೆ ದಪ್ಪ ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕುತ್ತಾರೆ. ಅಂದರೆ ಟೈರ್ ಕೇಳಲು ಹೋದವರು ರಿಮ್, ಫೆಂಡರ್ ಕೆಲಸ, ಬಾರ್ ಎಲ್ಲಾ ಹೊತ್ತುಕೊಂಡು ಬರುತ್ತೀರಿ. ಆಟೋಕ್ರಾಸ್‌ಗೆ ಓಕೆ. ರೆಡ್‌ವುಡ್ ಮರಗಳ ಕೆಳಗೆ ಒದ್ದೆ ಎಲೆ ಬಿದ್ದಿರುವ ಹೈವೇ 9ಕ್ಕೆ ನಾನಂತೂ ಹೇಳುವುದಿಲ್ಲ.

ಬೆಂಗಳೂರಿನಿಂದ, ಬಿಎಂಡಬ್ಲ್ಯೂ ಎಂ2

ನಮ್ಮ ಕಾರು ಬೇರೆ, ಆದರೂ ಒಂದು ಮಾತು ಮಾರಾಯ್ರೇ. ಎಫ್87 ಎಂ2ನಲ್ಲಿ ಮುಂದೆ 245/35 ಆರ್19, ಹಿಂದೆ 265/35 ಆರ್19 ಬರುತ್ತದೆ. ನಾನು ಮುಂದೆ 255/35 ಹಾಕಿದ್ದೇನೆ. ತಿರುವಿನಲ್ಲಿ ಫರಕು ಗೊತ್ತಾಗುತ್ತದೆ, ನಿಜ. ಆದರೆ ನೇರ ರಸ್ತೆಯಲ್ಲೂ ಗೊತ್ತಾಗುತ್ತದೆ! ಲಾರಿಗಳು ತುಳಿದು ತಗ್ಗಾದ ಲೇನಿನಲ್ಲಿ ಸ್ಟೀರಿಂಗ್ ತಾನೇ ಆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಎರಡೂ ಕೈ ಬಿಗಿ ಹಿಡಿದೇ ಓಡಿಸಬೇಕು. ಮನೆಯವರು "ಇದೇನು ಕಾರು ಅತ್ತಿತ್ತ ಎಳೆಯುತ್ತೆ" ಅಂತ ಕೇಳಿದ್ದಾರೆ. ಮಳೆಯಲ್ಲಿ ನಿಂತ ನೀರಿನ ಮೇಲೆ ಮೊದಲಿಗಿಂತ ಬೇಗ ತೇಲುತ್ತದೆ. ಇಲ್ಲಿನವರು ಸೈಜ್ ಬದಲಾಯಿಸಿದರೆ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿಡಿ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಅಂಕಿ) ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು, ಅದನ್ನೂ ನೋಡಿಕೊಳ್ಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಟೈರ್ ನೋಡಿದೆ, 2016ರದ್ದು! ಹೇಗೂ ನಾಲ್ಕೂ ಬದಲಾಯಿಸಬೇಕು. ಫ್ರೀಮಾಂಟ್‌ನವರೇ, ಇದೇ ರಿಮ್‌ನಲ್ಲಿ ಮುಂದೆ 225/45 ಹಾಕಿದರೆ ವಿಎಸ್‌ಎಗೆ (ಕಾರು ಜಾರುವುದನ್ನು ತಾನೇ ತಡೆಯುವ ವ್ಯವಸ್ಥೆ) ತೊಂದರೆ ಆಗುತ್ತಾ? ಎತ್ತರ ಬೇರೆ ಆಗುತ್ತಲ್ವಾ?

ಫ್ರೀಮಾಂಟ್‌ನಿಂದ

ಒಳ್ಳೆಯ ಪ್ರಶ್ನೆ. ನಿಮ್ಮ 2006ರ ಕಾರಿನಲ್ಲಿ ವಿಎಸ್‌ಎ ನಾಲ್ಕು ಚಕ್ರಗಳ ವೇಗ ಹೋಲಿಸಿ ನೋಡುತ್ತದೆ, ಹಾಗಾಗಿ ಹಿಂದೆ ಮುಂದಿನ ಎತ್ತರದ ಅನುಪಾತ ಮುಖ್ಯ. ಕಂಪನಿ ಸೈಜಿನಲ್ಲಿ ಮುಂದಿನ ಟೈರಿನ ಎತ್ತರ 625 ಮಿ.ಮೀ., ಹಿಂದಿನದು 628. 225/45 ಹಾಕಿದರೆ ಮುಂದೆ 634 ಆಗಿ, ಹಿಂದಿಗಿಂತ ಮುಂದೆ ಎತ್ತರವಾಗುತ್ತದೆ. ಒಂದು ಶೇಕಡಾ ಅಷ್ಟೇ, ಆದರೂ ತಲೆಕೆಳಗು. ಅದರ ಬದಲು ಹಿಂದೆಯೂ ಒಂದು ಮೆಟ್ಟಿಲು ಹತ್ತಿಸಿ 255/40 ಹಾಕಿ. ಅದರ ಎತ್ತರ 636, ನಿಮ್ಮ 8.5 ಇಂಚಿನ ರಿಮ್ಮಿಗೆ ಸರಿಯಾಗಿ ಕೂರುತ್ತದೆ, ಸಿಆರ್‌ನಲ್ಲಿ ಹಿಂದೆ ಇದ್ದದ್ದೂ ಇದೇ ಸೈಜ್. ಮುಂದೆ ಹಿಂದಿನ ಅಗಲದ ವ್ಯತ್ಯಾಸ ಮೊದಲಿನ ಹಾಗೇ 30, ಎತ್ತರದ ಅನುಪಾತವೂ ಹೆಚ್ಚುಕಡಿಮೆ ಅದೇ. ಕಾರಿನ ಸ್ವಭಾವ ಕೆಡದೆ ಎರಡೂ ಕಡೆ ಹಿಡಿತ ಸ್ವಲ್ಪ ಹೆಚ್ಚುತ್ತದೆ. ಸ್ಪೀಡೋಮೀಟರ್ ಶೇಕಡಾ ಒಂದೂಕಾಲರಷ್ಟು ಕಡಿಮೆ ತೋರಿಸುತ್ತದೆ. ಮೂತಿ ಹೊರಹೋಗುವುದಕ್ಕೆ ಮದ್ದು ಮಾತ್ರ ಕ್ಯಾಂಬರ್‌ನಲ್ಲೇ ಹುಡುಕಿ.

ಹಿಂದೆ ಮುಂದೆ ಬದಲಾಯಿಸುವ ಆಸೆ ಇದರಲ್ಲಿ ಬಿಡಬೇಕಾಗುತ್ತದೆ. ಹಾಕಿಸಿದ ದಿನವೇ ಹಿಂದಿನ ಫೆಂಡರಿನ ಒಳಗೆ ಕೈಯಾಡಿಸಿ ನೋಡಿ. ಆಮೇಲೆ ಒಂದು ಚಕ್ರ ಕರ್ಬ್ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಾದರೂ ತಾಗುತ್ತಾ ಅಂತ ಕೇಳಿಸಿಕೊಳ್ಳಿ. ಅಲೈನ್‌ಮೆಂಟ್ ಹೊಸ ಟೈರ್ ಹಾಕಿದ ಮೇಲೆ ಮಾಡಿಸಿ, ಮೊದಲೇ ಮಾಡಿಸಿ ದುಡ್ಡು ದಂಡ ಮಾಡಬೇಡಿ.