ಚಿಕ್ಕಪ್ಪನಿಗೆ ಮನೆಗೆ ಬರುವ ಡಾಕ್ಟರ್ ಯಾರಾಗಬೇಕು

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಅಡುಗೆ ಮುಗಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಸಮಾಧಾನವಾಗಿ ಕೇಳಿ. ಮೈ ಬಿಗಿಯುವ, ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವ ಚಿಕ್ಕಪ್ಪನನ್ನು ತುಮಕೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಇನ್ನು ಆಗುತ್ತಿಲ್ಲ, ಕಾರಿನಿಂದ ಇಳಿಸುವುದಕ್ಕೇ ಇಬ್ಬರು ಬೇಕು ಅಂತ ಬರೆದಿದ್ದೀಯ. ಹೋಂ ಕೇರ್ ಕಂಪನಿಯ ತಿಂಗಳ ಪ್ಯಾಕೇಜ್ ತಗೊಳ್ಳುವುದಾ, ಹಿಂದಿನ ಬೀದಿಯ ಕ್ಲಿನಿಕ್ ಡಾಕ್ಟರನ್ನು ಕೇಳುವುದಾ ಅಂತ ನಿನ್ನ ಪ್ರಶ್ನೆ. ಭಾವ ಅದಕ್ಕೆ, ಬಂದರೆ ನರರೋಗ ತಜ್ಞ ನ್ಯೂರಾಲಜಿಸ್ಟೇ ಬರಬೇಕು, ಬೇರೆಯವರು ಬಂದು ಏನು ಪ್ರಯೋಜನ ಅಂದಿದ್ದಾರೆ.

ಭಾವ, ಅಪ್ಪನಿಗೆ ಪಾರ್ಕಿನ್ಸನ್ ಜಾಸ್ತಿ ಆದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೊನೆಯ ಮೂರು ವರ್ಷ ನಮ್ಮನ್ನು ರಾತ್ರಿ ಎಬ್ಬಿಸಿದ್ದು ಕೈ ನಡುಕ ಅಲ್ಲವೇ ಅಲ್ಲ. ಐದು ದಿನ ಹೊಟ್ಟೆ ಕಟ್ಟಿದ್ದು. ಮೂತ್ರದ ಸೋಂಕಾಗಿ ರಾತ್ರಿಯಿಡೀ ಏನೇನೋ ಬಡಬಡಿಸಿದ್ದು. ಎದ್ದು ನಿಂತ ಕೂಡಲೇ ಬಿಪಿ ಇಳಿದು ಬಚ್ಚಲಲ್ಲಿ ಬಿದ್ದಿದ್ದು. ನೀರು ಕುಡಿದರೆ ಕೆಮ್ಮು, ಅದೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಸೊಂಟದ ಕೆಳಗೆ ಹುಣ್ಣು. ಇದಕ್ಕೆಲ್ಲ ಬೇಕಾದ್ದು ಹದಿನೈದು ದಿನಕ್ಕೊಮ್ಮೆ ಬಂದು ಮೈ ಮುಟ್ಟಿ ನೋಡುವ ಒಬ್ಬ ಫಿಜಿಷಿಯನ್ ಅಥವಾ ಫ್ಯಾಮಿಲಿ ಡಾಕ್ಟರ್. ನ್ಯೂರಾಲಜಿಸ್ಟನ್ನು ಬಿಡುವುದು ಬೇಡ. ಮಾತ್ರೆ ಎಷ್ಟು ಅಂತ ಅವರೇ ಹೇಳಲಿ. 2020ರಲ್ಲಿ ಟೆಲಿಮೆಡಿಸಿನ್ ನಿಯಮ ಬಂದಿದೆ, ಹಳೇ ಪೇಷಂಟ್ ಆದರೆ ವಿಡಿಯೋ ಕಾಲ್‌ನಲ್ಲಿ ನೋಡಿ ಚೀಟಿ ಕೊಡಬಹುದು. ಮನೆಗೆ ಬರುವವರು ಅವರಿಗೆ ಫೋನ್ ಮಾಡಿ ಮಾತಾಡಲು ಸಿದ್ಧ ಇರಬೇಕು, ಅಷ್ಟೇ. ‘ನಾನು ನೋಡ್ಕೋತೀನಿ, ಅವರನ್ನ ಯಾಕೆ ಕೇಳ್ಬೇಕು’ ಅನ್ನುವವರು ಬೇಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ನಾವು ಒಂದು ಸಲ ಪೆಟ್ಟು ತಿಂದಿದ್ದೇವೆ. ಅಪ್ಪನಿಗೆ ಒಂದು ಸಂಜೆ ವಾಂತಿ ನಿಲ್ಲಲಿಲ್ಲ. ಪ್ಯಾಕೇಜಿನವರು ಯಾರೋ ಹೊಸ ಡಾಕ್ಟರನ್ನು ಕಳಿಸಿದರು. ಫೈಲ್ ತೆರೆಯಲಿಲ್ಲ, ವಾಂತಿಗೆ ಅಂತ ಒಂದು ಇಂಜೆಕ್ಷನ್ ಕೊಟ್ಟು ಹೋದರು. ಬೆಳಿಗ್ಗೆ ಅಪ್ಪ ಮರದ ಕೊರಡಿನ ಹಾಗೆ ಬಿಗಿದುಹೋಗಿದ್ದರು. ಬಾಯಿ ತೆರೆಯಲು ಆಗುತ್ತಿಲ್ಲ, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಆ ಇಂಜೆಕ್ಷನ್ ಮೆಟೊಕ್ಲೊಪ್ರಮೈಡ್. ಮೈಯ ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಮೆದುಳಿನಲ್ಲಿ ಕೆಲಸ ಮಾಡುವುದನ್ನೇ ಅದು ತಡೆಯುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಮೊದಲೇ ಡೋಪಮೈನ್ ಕಮ್ಮಿ. ರಾತ್ರಿ ಗಲಾಟೆ ಮಾಡಿದಾಗ ಕೊಡುವ ಹ್ಯಾಲೊಪೆರಿಡಾಲ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಇವೂ ಅದೇ ಸಾಲಿನವು. ಪುಟ್ಟಿ, ಈ ನಾಲ್ಕು ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದು ಫೈಲಿನ ಮೇಲೂ ಫ್ರಿಜ್ಜಿನ ಬಾಗಿಲಿಗೂ ಅಂಟಿಸು, ಇವತ್ತೇ. ಯಾರೇ ಬರಲಿ, ‘ಇವರಿಗೆ ವಾಂತಿ ಆದರೆ ಏನು ಕೊಡುತ್ತೀರಿ ಡಾಕ್ಟರ್’ ಅಂತ ಮೊದಲೇ ಕೇಳು. ಕೇಳುವುದರಲ್ಲಿ ಸಂಕೋಚ ಬೇಡ. ಯೋಚಿಸಿ ಹೇಳಿದರೂ ಸರಿ, ನ್ಯೂರಾಲಜಿಸ್ಟನ್ನು ಕೇಳಿ ಹೇಳುತ್ತೇನೆ ಅಂದರೆ ಇನ್ನೂ ಒಳ್ಳೆಯದು. ಸಿಟ್ಟು ಮಾಡಿಕೊಂಡರೆ ಅವರು ನಮಗಲ್ಲ.

ಅದಾದ ಮೇಲೆ ನಮಗೆ ಸಿಕ್ಕಿದ ಡಾಕ್ಟರಮ್ಮನ ಬಗ್ಗೆ ಹೇಳಬೇಕು. ಮೊದಲ ದಿನ ಬಂದವರು ನನ್ನ ಹತ್ತಿರ ಮಾತಾಡಲಿಲ್ಲ. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಅಪ್ಪನನ್ನೇ ಕೇಳಿದರು, ‘ಸಾರ್, ನಿಮಗೆ ಯಾವುದು ಹೆಚ್ಚು ಕಷ್ಟ?’ ಅಪ್ಪನ ಬಾಯಿಂದ ಮಾತು ಹೊರಡಲು ಹೊತ್ತು ಬೇಕು, ನಮ್ಮ ಚಿಕ್ಕಪ್ಪನಿಗೂ ಈಗ ಹಾಗೇ ಅಲ್ವಾ. ನಾನು ನಡುವೆ ಬಾಯಿ ಹಾಕಲು ಹೋದೆ, ಅವರು ಸುಮ್ನೆ ಕೈ ತೋರಿಸಿ ತಡೆದರು. ಒಂದು ನಿಮಿಷ ಆಗಿರಬಹುದು. ಅಪ್ಪ ಹೇಳಿದರು, ‘ರಾತ್ರಿ ಮಗ್ಗಲು ಬದಲಿಸಲು ಆಗಲ್ಲ. ಇವಳನ್ನ ಎಬ್ಬಿಸಲು ಮನಸ್ಸಾಗಲ್ಲ.’ ನಾಲ್ಕು ವರ್ಷದಿಂದ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ನನಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮೂರು ನಿಮಿಷ ಬಿಟ್ಟು ಮತ್ತೆ ನೋಡಿದರು. 140 ಇದ್ದದ್ದು 100ಕ್ಕೆ ಇಳಿದಿತ್ತು. ಮಾತ್ರೆ ಡಬ್ಬಿ ತರಿಸಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಅಂತ ಬರೆದುಕೊಂಡರು. ನಾವು ಪಾರ್ಕಿನ್ಸನ್ನಿಗೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪಾವನ್ನು ಬೇಳೆ ಸಾರು, ಮೊಸರನ್ನದ ಜೊತೆಗೇ ನುಂಗಿಸುತ್ತಿದ್ದೆವು. ಪ್ರೋಟೀನ್ ಜೊತೆ ಹೋದರೆ ಅದು ಸರಿಯಾಗಿ ಹತ್ತುವುದಿಲ್ಲ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ ಅಂದರು. ಮಧ್ಯಾಹ್ನದ ಹೊತ್ತು ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದದ್ದು ಆ ವಾರವೇ ಎಷ್ಟೋ ಕಮ್ಮಿ ಆಯಿತು.

ಹಾಗಾಗಿ ಕಂಪನಿಯೋ ಕ್ಲಿನಿಕ್ಕೋ ಅನ್ನುವುದಕ್ಕಿಂತ, ಪ್ರತಿ ಸಲ ಅದೇ ಡಾಕ್ಟರ್ ಬರುತ್ತಾರಾ ಅಂತ ಕೇಳು. ಚಿಕ್ಕಪ್ಪನ ಕಾಯಿಲೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಹೋದ ತಿಂಗಳು ಹೇಗಿದ್ದರು ಅಂತ ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ನನ್ನ ಮನಸ್ಸು ಕ್ಲಿನಿಕ್ ಡಾಕ್ಟರ ಕಡೆಗೇ ಇದೆ. ನರ್ಸ್, ಫಿಸಿಯೋ ಬೇಕಾದರೆ ಕಂಪನಿಯಿಂದ ತಗೋ. ರಾತ್ರಿ ಫೋನ್ ಎತ್ತುತ್ತಾರಾ, ಊರಿಗೆ ಹೋದರೆ ಬದಲಿಗೆ ಯಾರು, ಇದನ್ನೂ ಕೇಳು. ಚೀಟಿಯ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನಂಬರ್ ಇದೆಯಾ ನೋಡು. ದುಡ್ಡಿನ ವಿಷಯ ನಾವೆಲ್ಲ ಇದ್ದೇವೆ.

ಇನ್ನೊಂದು ಮಾತು, ಕೇಳಲು ಕಷ್ಟ. ಅತ್ತೆ, ನೀವು ಬೇಜಾರು ಮಾಡಿಕೊಳ್ಳಬೇಡಿ. ‘ಪ್ಯಾಲಿಯೇಟಿವ್ ಕೇರ್ ಗೊತ್ತಿರುವ ಡಾಕ್ಟರ್’ ಅಂತ ನಾನು ಹೋದ ಸಲ ಅಂದಾಗ ನೀವು ಅತ್ತುಬಿಟ್ಟಿರಿ. ಬೆಂಗಳೂರಿನ ಕರುಣಾಶ್ರಯ ಆರೈಕೆ ಕೇಂದ್ರದ ಹೆಸರು ಕೇಳಿ ಕೇಳಿ, ಅದು ಕ್ಯಾನ್ಸರಿನವರಿಗೆ, ಕೊನೆಯ ದಿನಗಳಿಗೆ ಅಂತ ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ನೋವು, ಉಸಿರು, ನಿದ್ದೆ, ಮಲಬದ್ಧತೆ ಇವನ್ನು ನೋಡಿಕೊಳ್ಳುವ ವಿದ್ಯೆ ಅದು. ವರ್ಷಗಟ್ಟಲೆ ನಡೆಯುವ ಕಾಯಿಲೆಗೂ ಬೇಕು. ಚಿಕ್ಕಪ್ಪ ಯುಗಾದಿಗೆ ಬಂದಾಗ ನನ್ನ ಹತ್ತಿರ ಹೇಳಿದ್ದರು, ‘ನನಗೆ ವೆಂಟಿಲೇಟರ್ ಹಾಕಿಸಬೇಡಿ’ ಅಂತ. ಅದನ್ನು ಅವರ ಬಾಯಿಂದಲೇ ಡಾಕ್ಟರ ಮುಂದೆ ಹೇಳಿಸಿ, ಬರೆದಿಡೋಣ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿದೆ, 2023ರಲ್ಲಿ ಸುಲಭವೂ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅವರಿಗೆ ಮಾತು ಇರುವಾಗಲೇ ಆಗಬೇಕು.

ಅಪ್ಪ ಮನೆಯಲ್ಲೇ, ಬೆಳಗಿನ ಜಾವ ಹೋದರು. ಐದು ಗಂಟೆಗೆ ಆ ಡಾಕ್ಟರಮ್ಮ ಬಂದು ಅಮ್ಮನ ಕೈ ಹಿಡಿದು ಕೂತರು, ಸಾವಿನ ಕಾರಣದ ಫಾರಂ 4ಎ ಅವರೇ ಬರೆದುಕೊಟ್ಟರು. ನೋಡಿಕೊಳ್ಳುತ್ತಿದ್ದ ಡಾಕ್ಟರ್ ಅಂತ ಒಬ್ಬರು ಇಲ್ಲದಿದ್ದರೆ ಆ ಹೊತ್ತಿನಲ್ಲಿ ನಾವು ಯಾರ ಮನೆ ಬಾಗಿಲು ತಟ್ಟುತ್ತಿದ್ದೆವೋ.

ಪುಟ್ಟಿ, ಶನಿವಾರ ನಾನು ಮೈಸೂರಿನಿಂದ ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ಕ್ಲಿನಿಕ್ ಡಾಕ್ಟರನ್ನು ಹನ್ನೊಂದೂವರೆಗೆ ಮನೆಗೆ ಕರೆ, ಆ ಹೊತ್ತಿಗೆ ಚಿಕ್ಕಪ್ಪನಿಗೆ ಮಾತ್ರೆ ಕೆಲಸ ಮಾಡುತ್ತಿರುತ್ತದೆ, ಮಾತಾಡುತ್ತಾರೆ. ಮಾತ್ರೆಯ ಪ್ರಭಾವ ಇಳಿದು ಮೈ ಬಿಗಿಯುವ ಹೊತ್ತಿನದು ಎರಡು ನಿಮಿಷ ಫೋನಿನಲ್ಲಿ ವಿಡಿಯೋ ಮಾಡಿಟ್ಟಿರು, ಡಾಕ್ಟರಿಗೆ ತೋರಿಸೋಣ. ಯಾರು ಬರುತ್ತಿದ್ದಾರೆ, ಯಾಕೆ ಅಂತ ಚಿಕ್ಕಪ್ಪನಿಗೆ ಇವತ್ತು ರಾತ್ರಿಯೇ ಹೇಳು. ಡಾಕ್ಟರ್ ಹೋದ ಮೇಲೆ, ‘ಇವರು ಆಗಬಹುದಾ’ ಅಂತ ಮೊದಲು ಅವರನ್ನೇ ಕೇಳೋಣ.