ಎಸ್‌ಕ್ಯೂಎಲ್ ಫಾರ್ಮ್ಯಾಟರ್‌ಗಳಲ್ಲಿ ಯಾವ ಸುಧಾರಣೆಗಳನ್ನು ಕೇಳಬೇಕು?

ಬಾಣೆಬದಿ, ವಿರಾಜಪೇಟೆ (ಪ್ರಶ್ನೆ)

ವಿರಾಜಪೇಟೆ, ಗೋಣಿಕೊಪ್ಪ ಭಾಗದ ಕೆಲವು ಕಾಫಿ ತೋಟಗಳ ಕೊಯ್ಲು, ಕೂಲಿ ಮತ್ತು ಮಳೆಯ ಲೆಕ್ಕವನ್ನು ಇಡುವ ತಂತ್ರಾಂಶವೊಂದನ್ನು ನಾವು ಕೆಲವರು ಸೇರಿ ನೋಡಿಕೊಳ್ಳುತ್ತಿದ್ದೇವೆ. ಅದರ ಹೊಸ ಭಾಗ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ, ಹಳೆಯ ವರದಿಗಳು ಇನ್ನೂ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದರಲ್ಲಿವೆ. ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆದ ಕ್ವೆರಿಗಳನ್ನು ಒಂದೇ ರೂಪಕ್ಕೆ ತರಲು ಈಚೆಗೆ ಸ್ವಯಂಚಾಲಿತ ಫಾರ್ಮ್ಯಾಟರ್ ಒಂದನ್ನು ಬಳಸತೊಡಗಿದ್ದೇವೆ. ಅದರಿಂದ ಪ್ರಯೋಜನವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಸಾಲನ್ನು ಎಲ್ಲಿ ಮುರಿಯಬೇಕು, ಕೀವರ್ಡ್‌ಗಳು ದೊಡ್ಡಕ್ಷರದಲ್ಲಿರಬೇಕೇ ಎಂಬ ಚರ್ಚೆಗಳು ನಿಂತುಹೋಗಿವೆ. ಆದರೆ ಕೆಲವು ಕಡೆ ಅದು ಮಾಡುವ ಜೋಡಣೆ ಓದುವವರನ್ನು ದಾರಿ ತಪ್ಪಿಸುವಂತಿದೆ. ಉಪಕರಣವು ಮುಕ್ತ ತಂತ್ರಾಂಶವಾದ್ದರಿಂದ ಅದನ್ನು ರೂಪಿಸುವವರಿಗೆ ನಮ್ಮ ಸಲಹೆಗಳನ್ನು ಬರೆದು ಕಳುಹಿಸಬೇಕೆಂದಿದ್ದೇವೆ.

ನಮಗೆ ಹೆಚ್ಚು ಕಾಡುತ್ತಿರುವುದು ಕಾಮೆಂಟ್‌ಗಳ, ಅಂದರೆ ಓದುವವರಿಗಾಗಿ ಕ್ವೆರಿಯೊಳಗೆ ಬರೆದಿಡುವ ಟಿಪ್ಪಣಿಗಳ ವಿಷಯ. ಮಳೆಯ ಪ್ರಮಾಣವನ್ನು ಇಲ್ಲಿನ ತೋಟಗಳಲ್ಲಿ ಇಂದಿಗೂ ಇಂಚಿನಲ್ಲೇ ಬರೆದಿಡುತ್ತಾರೆ. ಆದ್ದರಿಂದ ಸೆಲೆಕ್ಟ್ ಪಟ್ಟಿಯಲ್ಲಿ (ಬೇಕಾದ ಕಾಲಂಗಳನ್ನು ಹೆಸರಿಸುವ ಭಾಗ) ಮಳೆಯ ಕಾಲಂನ ಮುಂದೆಯೇ ‘ಇಂಚಿನಲ್ಲಿದೆ, ಮಿಲಿಮೀಟರ್ ಬೇಕಾದರೆ 25.4ರಿಂದ ಗುಣಿಸಬೇಕು’ ಎಂದು ಟಿಪ್ಪಣಿ ಹಾಕಿದ್ದೇವೆ. ಫಾರ್ಮ್ಯಾಟರ್ ಆ ಪಟ್ಟಿಯನ್ನು ಬಿಡಿಸಿ ಬರೆಯುವಾಗ ಟಿಪ್ಪಣಿಯನ್ನು ಒಂದು ಸಾಲು ಕೆಳಗಿಳಿಸುತ್ತದೆ. ಅದು ಮುಂದಿನ ಕಾಲಂ ಆದ ಹಣ್ಣಿನ ತೂಕದ ನೆತ್ತಿಯ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಕ್ವೆರಿ ಸರಿಯಾಗಿಯೇ ಓಡುತ್ತದೆ, ಆದರೆ ಹೊಸದಾಗಿ ಸೇರಿದವರು ಅದನ್ನು ಓದಿದರೆ ಏನೆಂದುಕೊಳ್ಳಬೇಕು?

ಎರಡನೆಯದು ಬಿಟ್ವೀನ್. ಕಾಫಿ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ ನಡೆಯುವುದರಿಂದ ನಮ್ಮ ಬಹುತೇಕ ವರದಿಗಳಲ್ಲಿ ಎರಡು ದಿನಾಂಕಗಳ ನಡುವಿನ ಷರತ್ತು ಇದ್ದೇ ಇರುತ್ತದೆ. ಪ್ರತಿ ಆ್ಯಂಡ್ ಹೊಸ ಸಾಲಿನಲ್ಲಿರಬೇಕು ಎಂಬ ನಿಯಮವನ್ನು ಉಪಕರಣ ಬಿಟ್ವೀನ್‌ನ ಒಳಗೆ ಎರಡು ದಿನಾಂಕಗಳ ನಡುವೆ ಬರುವ ಆ್ಯಂಡ್‌ಗೂ ಅನ್ವಯಿಸುತ್ತದೆ. ಇದರಿಂದ ಮುಕ್ತಾಯದ ದಿನಾಂಕವು ಪ್ರತ್ಯೇಕ ಷರತ್ತಿನಂತೆ ಕಾಣುತ್ತದೆ. ಮೂರನೆಯದಾಗಿ, ವ್ಯಾಲ್ಯೂಸ್ (ಮೌಲ್ಯಗಳನ್ನು ನೇರವಾಗಿ ಬರೆದುಕೊಡುವ ಭಾಗ) ಅಡಿಯಲ್ಲಿ ತಿಂಗಳಿಗೊಂದು ಸಾಲಿನಂತೆ ಕೈಯಾರೆ ಜೋಡಿಸಿದ ಮಳೆ ಪಟ್ಟಿಯನ್ನು ಅದು ಮೌಲ್ಯಕ್ಕೊಂದು ಸಾಲಿನಂತೆ ಉದ್ದಕ್ಕೆ ಇಳಿಬಿಡುತ್ತದೆ. ಹನ್ನೆರಡು ಸಾಲುಗಳಲ್ಲಿ ಒಂದೇ ನೋಟಕ್ಕೆ ಸಿಗುತ್ತಿದ್ದ ವರ್ಷದ ಚಿತ್ರ ಕಾಣದಂತಾಗುತ್ತದೆ.

ಇಂತಹ ವಿಷಯಗಳಲ್ಲಿ ಹೊಸ ಆಯ್ಕೆಗಳನ್ನು ಕೊಡಿ ಎಂದು ಕೇಳಬೇಕೇ, ಅಥವಾ ಮೂಲ ನಡವಳಿಕೆಯನ್ನೇ ಬದಲಿಸಿ ಎಂದು ಕೇಳಬೇಕೇ? ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಮೆಣಸುಬಳ್ಳಿ, ಮಡಿಕೇರಿ

ನೀವು ಹೇಳಿದ ಮೂರೂ ನ್ಯಾಯವಾದ ದೂರುಗಳೇ. ಆದರೆ ನನ್ನ ಪ್ರಕಾರ ಅವುಗಳಿಗಿಂತ ಮೊದಲು ಕೇಳಬೇಕಾದದ್ದು ಒಂದಿದೆ: ಫಾರ್ಮ್ಯಾಟ್ ಮಾಡಿದ ಮೇಲೆ ಕ್ವೆರಿಯ ಅರ್ಥ ಬದಲಾಗಿಲ್ಲ ಎಂಬುದನ್ನು ಉಪಕರಣವೇ ಪರೀಕ್ಷಿಸಿ ನೋಡಬೇಕು. ಪೈಥಾನ್ ಭಾಷೆಯ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ತಾನು ಓದಿದ ಮತ್ತು ತಾನು ಬರೆದ ಕೋಡ್‌ಗಳ ರಚನಾವೃಕ್ಷಗಳನ್ನು (ಕೋಡ್‌ನ ವ್ಯಾಕರಣ ರಚನೆಯ ನಕ್ಷೆ) ಹೋಲಿಸಿ, ಎರಡೂ ಸಮಾನವಾಗಿದ್ದರೆ ಮಾತ್ರ ಫೈಲನ್ನು ಬದಲಿಸುತ್ತದೆ. ಎಸ್‌ಕ್ಯೂಎಲ್‌ಗಾಗಿಯೇ ಇರುವ ಎಸ್‌ಕ್ಯೂಎಲ್‌ಎಫ್‌ಎಂಟಿ ಕೂಡ ಮೊದಲಿನ ಮತ್ತು ನಂತರದ ಟೋಕನ್‌ಗಳನ್ನು (ಪದ, ಚಿಹ್ನೆಗಳಂತಹ ಬಿಡಿ ಘಟಕಗಳು) ಹೋಲಿಸುತ್ತದೆ. ಈ ಪರೀಕ್ಷೆಯಿಲ್ಲದ ಉಪಕರಣವನ್ನು ಕೂಲಿ ಲೆಕ್ಕದ ಕ್ವೆರಿಗಳ ಮೇಲೆ ಓಡಿಸಲು ನಾನಂತೂ ಒಪ್ಪುವುದಿಲ್ಲ.

ಎಸ್‌ಕ್ಯೂಎಲ್‌ನಲ್ಲಿ ಖಾಲಿ ಜಾಗಕ್ಕೆ ಅರ್ಥವಿಲ್ಲ ಎಂದು ನಾವೆಲ್ಲ ಕಲಿತಿರುತ್ತೇವೆ, ಆದರೆ ಅದು ಪೂರ್ತಿ ನಿಜವಲ್ಲ. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಕೌಂಟ್ ಮತ್ತು ಅದರ ಮುಂದಿನ ಆವರಣದ ನಡುವೆ ಒಂದು ಸ್ಪೇಸ್ ಬಿದ್ದರೆ ಸಾಕು, ಕ್ವೆರಿ ದೋಷ ತೋರಿಸಿ ನಿಲ್ಲುತ್ತದೆ. ಅದೇ ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಅಡ್ಡಗೆರೆಗಳು ಕಾಮೆಂಟ್ ಆಗಬೇಕಾದರೆ ಅವುಗಳ ನಂತರ ಖಾಲಿ ಜಾಗ ಇರಲೇಬೇಕು. ಹಾಗಾಗಿ ಐದರಿಂದ ಋಣ ಮೂರನ್ನು ಕಳೆಯುವ ಲೆಕ್ಕವನ್ನು ಸ್ಪೇಸ್ ಇಲ್ಲದೆ ಬರೆದರೆ ಅಲ್ಲಿ ಎಂಟು ಎಂಬ ಉತ್ತರ ಬರುತ್ತದೆ. ಆದರೆ ಪೋಸ್ಟ್‌ಗ್ರೆಸ್‌ನ ನಿಯಮವನ್ನಷ್ಟೇ ತಿಳಿದಿರುವ ಫಾರ್ಮ್ಯಾಟರ್ ಅದನ್ನು ಕಾಮೆಂಟ್ ಎಂದು ಭಾವಿಸಿ ‘ಅಂದವಾಗಿ’ ಒಂದು ಸ್ಪೇಸ್ ಸೇರಿಸಿದರೆ, ಅದು ನಿಜವಾಗಿಯೂ ಕಾಮೆಂಟ್ ಆಗಿಬಿಡುತ್ತದೆ. ಇನ್ನು ಪೋಸ್ಟ್‌ಗ್ರೆಸ್‌ನಲ್ಲಿ, ಉದ್ಧರಣ ಚಿಹ್ನೆಗಳೊಳಗಿನ ಎರಡು ಪಠ್ಯಗಳು ಬೇರೆ ಬೇರೆ ಸಾಲುಗಳಲ್ಲಿದ್ದರೆ ತಾವಾಗಿಯೇ ಒಂದಾಗಿ ಸೇರುತ್ತವೆ; ಅವೆರಡನ್ನೂ ಒಂದೇ ಸಾಲಿಗೆ ತಂದರೆ ದೋಷ ಬರುತ್ತದೆ. ಎಸ್‌ಕ್ಯೂಎಲ್‌ಗೆ 1986ರಲ್ಲೇ ಅಮೆರಿಕದ ಮಾನಕ ಬಂದಿದ್ದರೂ ಪ್ರತಿ ಡೇಟಾಬೇಸ್ ತನ್ನದೇ ಉಪಭಾಷೆಯನ್ನು ಉಳಿಸಿಕೊಂಡಿದೆ. ಆದ್ದರಿಂದ ಯಾವ ಉಪಭಾಷೆ ಎಂದು ತಿಳಿಸದೆ ಫಾರ್ಮ್ಯಾಟರ್ ಓಡಲೇಬಾರದು ಎಂಬುದು ನನ್ನ ಸಲಹೆ. ನಿಮ್ಮಂತೆ ಎರಡು ಡೇಟಾಬೇಸ್ ಇರುವವರಿಗೆ ಇದನ್ನು ಫೋಲ್ಡರ್‌ಗೊಂದರಂತೆ ನಿಗದಿಪಡಿಸುವ ಅನುಕೂಲವೂ ಬೇಕು.

ದೋಷ ತೋರಿಸಿ ನಿಲ್ಲುವ ತಪ್ಪುಗಳನ್ನಾದರೂ ಹಿಡಿಯಬಹುದು, ಮೌನವಾಗಿ ನಡೆಯುವ ತಪ್ಪುಗಳೇ ಹೆಚ್ಚು ಅಪಾಯಕಾರಿ. ಒರಾಕಲ್ ಡೇಟಾಬೇಸ್‌ನಲ್ಲಿ ಆಪ್ಟಿಮೈಜರ್‌ಗೆ (ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸಬೇಕೆಂದು ನಿರ್ಧರಿಸುವ ಭಾಗ) ಕೊಡುವ ಸೂಚನೆಗಳು ಕಾಮೆಂಟ್‌ನ ರೂಪದಲ್ಲೇ ಇರುತ್ತವೆ. ಕಾಮೆಂಟ್ ತೆರೆಯುವ ಚಿಹ್ನೆಗೆ ಅಂಟಿಕೊಂಡೇ ಒಂದು ಕೂಡುವ ಚಿಹ್ನೆ ಇರಬೇಕು. ಫಾರ್ಮ್ಯಾಟರ್ ಅವೆರಡರ ನಡುವೆ ಸ್ಪೇಸ್ ಹಾಕಿದರೆ ಆ ಸೂಚನೆ ಬರಿಯ ಕಾಮೆಂಟ್ ಆಗುತ್ತದೆ. ಯಾವ ದೋಷವೂ ಬರುವುದಿಲ್ಲ, ಉತ್ತರವೂ ಬದಲಾಗುವುದಿಲ್ಲ, ಆದರೆ ವರದಿ ನಿಧಾನವಾಗುತ್ತದೆ ಮತ್ತು ಕಾರಣ ಹುಡುಕುವವರಿಗೆ ಫಾರ್ಮ್ಯಾಟರ್‌ನ ಮೇಲೆ ಅನುಮಾನವೇ ಬರುವುದಿಲ್ಲ.

ಹಾರಂಗಿತೀರ, ಕುಶಾಲನಗರ

ಮೇಲಿನವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಅದಕ್ಕೆ ಕನ್ನಡದಲ್ಲಿ ದತ್ತಾಂಶ ಇಡುವ ನಮ್ಮಂಥವರೇ ಹೇಳಬೇಕಾದ ಒಂದು ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ಬೇರೆಯವರಿಗೆ ಇದು ಕಣ್ಣಿಗೆ ಬೀಳುವ ಸಂಭವ ಕಡಿಮೆ.

ಸಿಪ್ಪೆ ತೆಗೆದು ಒಣಗಿಸಿದ ಕಾಫಿಗೆ ಹೇಳುವ ‘ಪಾರ್ಚ್‌ಮೆಂಟ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನಕ) ಅದು 12 ಸಂಕೇತಗಳು, ಅವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 36 ಬೈಟ್‌ಗಳು. ಬಲಬದಿಯ ಕಾಮೆಂಟ್‌ಗಳನ್ನು ಒಂದೇ ನೇರಕ್ಕೆ ತರುವ ಫಾರ್ಮ್ಯಾಟರ್‌ಗಳು ಅಗಲವನ್ನು ಸಂಕೇತಗಳ ಎಣಿಕೆಯಿಂದಲೋ ಬೈಟ್‌ಗಳ ಎಣಿಕೆಯಿಂದಲೋ ಲೆಕ್ಕ ಹಾಕಿದರೆ ಕನ್ನಡ ಪಠ್ಯವಿರುವ ಸಾಲುಗಳೆಲ್ಲ ಓರೆಕೋರೆಯಾಗುತ್ತವೆ. ಸಾಲಿನ ಗರಿಷ್ಠ ಉದ್ದದ ಮಿತಿಯನ್ನೂ ಹೀಗೇ ಅಳೆಯುವುದರಿಂದ ಪರದೆಯಲ್ಲಿ ಅರ್ಧವನ್ನೂ ತುಂಬದ ಸಾಲನ್ನು ಉಪಕರಣ ‘ಉದ್ದವಾಯಿತು’ ಎಂದು ಮುರಿಯುತ್ತದೆ. ಕನ್ನಡದ ಅಕ್ಷರಗಳ ಅಗಲ ಫಾಂಟ್‌ನಿಂದ ಫಾಂಟ್‌ಗೆ ಬದಲಾಗುವುದರಿಂದ ಇದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಿ ಎಂದು ಕೇಳುವುದು ನ್ಯಾಯವಲ್ಲ. ಸಾಲುಗಳನ್ನು ನೇರಗೊಳಿಸುವ ಕೆಲಸವನ್ನೇ ಬಿಟ್ಟು, ಕಾಮೆಂಟ್‌ನ ಮುಂದೆ ನಿಗದಿತ ಸ್ಪೇಸ್ ಮಾತ್ರ ಇಡಿ ಎಂದು ಕೇಳುವುದು ಹೆಚ್ಚು ವಿವೇಕದ ದಾರಿ.

ಇದಕ್ಕಿಂತ ಗಂಭೀರವಾದದ್ದು ಉದ್ಧರಣ ಚಿಹ್ನೆಗಳ ಒಳಗಿನ ವಿಷಯ. ಅದೇ ಪದದಲ್ಲಿ ಚಕಾರಕ್ಕೂ ಮಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ; ಅದು ಇರುವುದರಿಂದಲೇ ಮಕಾರವು ಚಕಾರಕ್ಕೆ ಒತ್ತಾಗದೆ ಬಿಡಿಯಾಗಿ ನಿಲ್ಲುತ್ತದೆ. ಕೆಲವು ಉಪಕರಣಗಳು ‘ಅನಗತ್ಯ ಅದೃಶ್ಯ ಸಂಕೇತ’ಗಳನ್ನು ತೆಗೆದುಹಾಕುವ ಶುದ್ಧೀಕರಣವನ್ನು ಇಡೀ ಫೈಲಿನ ಮೇಲೆ ಓಡಿಸುತ್ತವೆ. ಆಗ ವೇರ್ ಷರತ್ತಿನಲ್ಲಿ ಬರೆದ ಪಾರ್ಚ್‌ಮೆಂಟ್ ಬೇರೆ, ಟೇಬಲ್‌ನಲ್ಲಿರುವ ಪಾರ್ಚ್‌ಮೆಂಟ್ ಬೇರೆ ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಂಥ ಕ್ವೆರಿ ಯಾವ ದೋಷವನ್ನೂ ತೋರದೆ ಸೊನ್ನೆ ಸಾಲುಗಳನ್ನು ಹಿಂದಿರುಗಿಸುತ್ತದೆ. ಕೊಡಗು ಎಂಬ ಪದದ ಮೊದಲ ಅಕ್ಷರದ ಒಕಾರದ ಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಬಿಡಿಸಿಯೂ ಬರೆಯಬಹುದು. ಫಾರ್ಮ್ಯಾಟರ್ ಅದನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿದರೂ ಫಲ ಇದೇ. ಉದ್ಧರಣ ಚಿಹ್ನೆಗಳ ಒಳಗಿರುವ ಒಂದು ಬೈಟ್ ಕೂಡ ಬದಲಾಗಬಾರದು ಎಂಬುದನ್ನು ಆಯ್ಕೆಯಾಗಿ ಅಲ್ಲ, ಮುರಿಯಲಾಗದ ನಿಯಮವಾಗಿ ಕೇಳಿ. ಪರೀಕ್ಷೆಗಾಗಿ ಕನ್ನಡ ಪಠ್ಯವಿರುವ ಒಂದು ಸಣ್ಣ ಫೈಲನ್ನೂ ಜೊತೆಗೆ ಕೊಟ್ಟರೆ ಅದನ್ನು ಅವರು ತಮ್ಮ ಪರೀಕ್ಷಾ ಸಂಗ್ರಹಕ್ಕೆ ಸೇರಿಸಿಕೊಳ್ಳಬಹುದು. ಮಲಯಾಳಂ, ಬಂಗಾಳಿ ಬಳಸುವವರಿಗೂ ಅದರಿಂದ ಅನುಕೂಲವಾಗುತ್ತದೆ.

ಕಾಡುಹಾದಿ, ಸೋಮವಾರಪೇಟೆ

ಆಯ್ಕೆಗಳ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಸಾಧ್ಯವಾದಷ್ಟೂ ಆಯ್ಕೆಗಳನ್ನು ಕೇಳಬೇಡಿ. ಪ್ರತಿ ಹೊಸ ಆಯ್ಕೆಯೂ ಉಳಿದೆಲ್ಲ ಆಯ್ಕೆಗಳೊಂದಿಗೆ ಸೇರಿ ಹೇಗೆ ನಡೆದುಕೊಳ್ಳುತ್ತದೆ ಎಂದು ನಿರ್ವಾಹಕರು ಪರೀಕ್ಷಿಸಬೇಕಾಗುತ್ತದೆ. ಜೊತೆಗೆ ತಂಡದೊಳಗೆ ನಿಂತುಹೋಗಿದ್ದ ಚರ್ಚೆ ಸೆಟ್ಟಿಂಗ್ ಫೈಲಿನ ಮೇಲೆ ಮತ್ತೆ ಶುರುವಾಗುತ್ತದೆ. ಗೋ ಭಾಷೆಯ ಗೋಎಫ್‌ಎಂಟಿಯಲ್ಲಿ ಶೈಲಿಯನ್ನು ಬದಲಿಸುವ ಆಯ್ಕೆಗಳೇ ಇಲ್ಲ, ಅದನ್ನು ಆ ಭಾಷೆಯ ಬಹುತೇಕರು ಬಳಸುತ್ತಾರೆ. ನಿಮ್ಮ ಬಿಟ್ವೀನ್ ದೂರಿಗೆ ಆಯ್ಕೆ ಬೇಕಾಗಿಲ್ಲ. ಆ ಆ್ಯಂಡ್ ಎರಡು ಷರತ್ತುಗಳನ್ನು ಜೋಡಿಸುವ ಆ್ಯಂಡ್ ಅಲ್ಲವೇ ಅಲ್ಲ, ಅದನ್ನು ಬೇರೆ ಸಾಲಿಗೆ ಹಾಕುವುದು ತಪ್ಪು ಎಂದೇ ವರದಿ ಮಾಡಿ. ಟಿಪ್ಪಣಿಯೂ ಹಾಗೆಯೇ: ಸಾಲಿನ ಕೊನೆಯಲ್ಲಿದ್ದ ಟಿಪ್ಪಣಿ ಅದೇ ಸಾಲಿನ ಕಾಲಂಗೆ ಸೇರಿದ್ದು, ಅಲ್ಪವಿರಾಮ ಅದರ ಮೊದಲಿರಲಿ, ನಂತರವಿರಲಿ.

ಅಲ್ಪವಿರಾಮದ ಸ್ಥಾನಕ್ಕೆ ಮಾತ್ರ ಆಯ್ಕೆ ಇರುವುದು ನ್ಯಾಯ ಎನಿಸುತ್ತದೆ. ಮಾನಕ ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್ ಪಟ್ಟಿಯ ಕೊನೆಯ ಕಾಲಂನ ನಂತರ ಅಲ್ಪವಿರಾಮ ಇಡುವಂತಿಲ್ಲ. ಬಿಗ್‌ಕ್ವೆರಿ, ಡಕ್‌ಡಿಬಿಯಂತಹ ಕೆಲವು ಡೇಟಾಬೇಸ್‌ಗಳು ಮಾತ್ರ ಅದನ್ನು ಒಪ್ಪುತ್ತವೆ. ಹೀಗಾಗಿ ಪಟ್ಟಿಯ ಕೊನೆಗೆ ಒಂದು ಕಾಲಂ ಸೇರಿಸಿದರೆ ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಹಿಂದಿನ ಸಾಲೂ ಬದಲಾದಂತೆ ಕಾಣುತ್ತದೆ. ಅಲ್ಪವಿರಾಮವನ್ನು ಸಾಲಿನ ಆರಂಭದಲ್ಲಿಡುವವರು ಇದೇ ಕಾರಣಕ್ಕೆ ಹಾಗೆ ಮಾಡುತ್ತಾರೆ, ಅದು ಬರಿಯ ಅಭಿರುಚಿಯ ಮಾತಲ್ಲ. ಪಿಜಿಫಾರ್ಮ್ಯಾಟರ್‌ನಲ್ಲಿ ಈ ಎರಡೂ ರೀತಿಗೆ ಅವಕಾಶವಿದೆ.

ಗಿಟ್‌ನ ಮಾತು ಬಂದದ್ದರಿಂದ ಒಂದು ಸೂಚನೆ. ಹಳೆಯ ಫೈಲುಗಳನ್ನೆಲ್ಲ ಒಮ್ಮೆಗೇ ಫಾರ್ಮ್ಯಾಟ್ ಮಾಡುವುದಾದರೆ ಅದನ್ನು ಬೇರಾವ ಬದಲಾವಣೆಯೂ ಇಲ್ಲದ ಪ್ರತ್ಯೇಕ ಕಮಿಟ್ (ಬದಲಾವಣೆಯ ದಾಖಲೆ) ಆಗಿ ಮಾಡಿ. 2019ರಲ್ಲಿ ಬಂದ ಗಿಟ್ 2.23ರಿಂದ, ಬ್ಲೇಮ್ (ಪ್ರತಿ ಸಾಲನ್ನು ಕೊನೆಯದಾಗಿ ಬದಲಿಸಿದವರ ವಿವರ) ನೋಡುವಾಗ ಕಡೆಗಣಿಸಬೇಕಾದ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಕೊಡಬಹುದು. ಆಗ ಯಾವ ಸಾಲನ್ನು ನಿಜವಾಗಿ ಯಾರು ಬರೆದರು ಎಂಬ ಮಾಹಿತಿ ಉಳಿಯುತ್ತದೆ.

ಬಾಣೆಬದಿ, ವಿರಾಜಪೇಟೆ

ಮೂವರಿಗೂ ಧನ್ಯವಾದಗಳು. ಅದೃಶ್ಯ ಸಂಕೇತದ ಮಾತು ನಮಗೆ ಹೊಸದು, ನಮ್ಮ ಕಾಫಿ ದರ್ಜೆಗಳ ಟೇಬಲ್‌ನಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಎರಡರಲ್ಲೂ ಪಾರ್ಚ್‌ಮೆಂಟ್ ಎಂಬ ಪದವಿದೆ.

ಆಯ್ಕೆಗಳು ಬೇಡವೆಂಬ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ವ್ಯಾಲ್ಯೂಸ್ ಪಟ್ಟಿಯ ವಿಷಯದಲ್ಲಿ ಒಪ್ಪಲಾರೆ. ಅದನ್ನು ಅಡ್ಡ ಸಾಲುಗಳಲ್ಲಿ ಜೋಡಿಸಿದವರು ತಿಂಗಳು ತಿಂಗಳನ್ನು ಹೋಲಿಸಿ ನೋಡಬೇಕೆಂದೇ ಹಾಗೆ ಜೋಡಿಸಿದ್ದಾರೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಯಾವ ವರ್ಷ ಕೈಕೊಟ್ಟಿತು ಎಂಬುದು ಆ ಜೋಡಣೆಯಲ್ಲಿ ತಕ್ಷಣ ಕಾಣುತ್ತದೆ. ಯಾವ ಸಾರ್ವತ್ರಿಕ ನಿಯಮವೂ ಆ ಉದ್ದೇಶವನ್ನು ಊಹಿಸಲಾರದು, ಅದನ್ನು ಬರೆದವರೇ ಹೇಳಬೇಕು.

ಮೆಣಸುಬಳ್ಳಿ, ಮಡಿಕೇರಿ

ಅದಕ್ಕೆ ಆಯ್ಕೆಗಿಂತ ಗುರುತು ಒಳ್ಳೆಯದು. ಜಾವಾಸ್ಕ್ರಿಪ್ಟ್‌ನ ಎಸ್‌ಕ್ಯೂಎಲ್-ಫಾರ್ಮ್ಯಾಟರ್‌ನಲ್ಲೂ ಎಸ್‌ಕ್ಯೂಎಲ್‌ಎಫ್‌ಎಂಟಿಯಲ್ಲೂ ಒಂದು ವಿಶೇಷ ಕಾಮೆಂಟ್‌ನಿಂದ ಇನ್ನೊಂದರವರೆಗಿನ ಭಾಗವನ್ನು ಮುಟ್ಟದೆ ಬಿಡುವಂತೆ ಮಾಡಬಹುದು. ನಿಮ್ಮ ಉಪಕರಣದಲ್ಲಿ ಅದು ಇಲ್ಲದಿದ್ದರೆ ಕೇಳಿ. ಗುರುತಿನ ಜೊತೆ ಕಾರಣವನ್ನೂ ಬರೆಯುವ ಪದ್ಧತಿಯನ್ನು ತಂಡದಲ್ಲಿ ಇಟ್ಟುಕೊಂಡರೆ, ‘ಈ ಪಟ್ಟಿ ಹೂಮಳೆ ಹೋಲಿಕೆಗಾಗಿ’ ಎಂಬ ಒಂದು ಸಾಲು ನಂತರ ಬರುವವರಿಗೆ ದಾರಿ ತೋರಿಸುತ್ತದೆ.

ಸಲಹೆ ಬರೆಯುವ ಕ್ರಮದ ಬಗ್ಗೆಯೂ ಒಂದು ಮಾತು. ದೂರಿಗೊಂದರಂತೆ ಪ್ರತ್ಯೇಕ ವರದಿ ಹಾಕಿ. ಪ್ರತಿಯೊಂದರಲ್ಲೂ ಐದಾರು ಸಾಲುಗಳಿಗೆ ಇಳಿಸಿದ ಮೂಲ ಕ್ವೆರಿ, ಉಪಕರಣ ಈಗ ಕೊಡುತ್ತಿರುವ ರೂಪ, ನೀವು ಬಯಸುವ ರೂಪ, ಉಪಭಾಷೆ ಮತ್ತು ಉಪಕರಣದ ಆವೃತ್ತಿ ಇರಲಿ. ಫಾರ್ಮ್ಯಾಟ್ ಆದದ್ದನ್ನೇ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ. ಎರಡನೆಯ ಸಲ ಏನಾದರೂ ಬದಲಾದರೆ ಅದನ್ನೂ ಬೇರೆಯಾಗಿ ತಿಳಿಸಿ, ಏಕೆಂದರೆ ಅಂಥ ದೋಷವಿದ್ದರೆ ಪ್ರತಿ ಕಮಿಟ್‌ನಲ್ಲೂ ಸುಳ್ಳು ಬದಲಾವಣೆಗಳು ಸೇರುತ್ತಲೇ ಇರುತ್ತವೆ. ಎಲ್ಲಕ್ಕಿಂತ ಮೊದಲು, ಕೂಲಿ ಪಟ್ಟಿಯಿಂದ ತೆಗೆದ ಕ್ವೆರಿಗಳಲ್ಲಿ ಕೆಲಸಗಾರರ ಹೆಸರು, ಬ್ಯಾಂಕ್ ಖಾತೆ, ತೋಟದ ಸರ್ವೆ ನಂಬರ್ ಯಾವುದೂ ಉಳಿಯದಂತೆ ಬದಲಿಸಿ, ಆಮೇಲೆಯೇ ಹಾಕಿ.