ತೀರಿಕೊಂಡ ಗೆಳೆಯನ ಸೈಕೋ (Seiko) 6309 ಡೈವ್ ವಾಚ್: ಅಲ್ಲಾಡಿಸಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ

ಪ್ರಶ್ನೆ (ಕುಂದಾಪುರದಿಂದ)

ಎಲ್ಲರಿಗೂ ನಮಸ್ಕಾರ. ವಾಚು ಜಪಾನಿನ ಸೈಕೋ ಕಂಪನಿಯ ಆಟೋಮ್ಯಾಟಿಕ್, ನೀರಿನಲ್ಲಿ ಮುಳುಗುವವರಿಗೆಂದು ಮಾಡಿದ ಡೈವರ್ಸ್ ಮಾಡೆಲ್. ಹಿಂದಿನ ಮುಚ್ಚಳದ ಮೇಲೆ ಸಮುದ್ರದ ಅಲೆಯ ಚಿತ್ರ, 6309-7040 ಎಂಬ ನಂಬರ್ ಇದೆ. ಸೀರಿಯಲ್ ನಂಬರ್ 4ಎನ್ ಎಂದು ಶುರುವಾಗುತ್ತದೆ. ಡಯಲ್ ಮೇಲೆ 150 ಮೀಟರ್ ಎಂದು ಬರೆದಿದೆ.

ತೊಂದರೆ ಒಂದಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸೆಕೆಂಡ್ ಮುಳ್ಳು ಓಡುತ್ತದೆ. ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ. ಬಿಸಿಲಿಗೆ ಹೋದರೆ ಗಾಜಿನ ಒಳಗಡೆ ಮಂಜು ಕಟ್ಟುತ್ತದೆ. ಗಾಜಿನ ಸುತ್ತಲಿನ ಉಂಗುರ (ಬೆಜೆಲ್) ತಿರುಗುವುದೇ ಇಲ್ಲ. 4 ಗಂಟೆ ಹತ್ತಿರದ ಕೀ (ಟೈಮ್ ಹೊಂದಿಸುವ ಗುಂಡಿ) ಬಿಗಿಯಾಗಿ ಕೂತಿದೆ, ಜೋರು ಮಾಡಲು ಭಯ. ಕತ್ತಲಲ್ಲಿ ಏನೂ ಹೊಳೆಯುವುದಿಲ್ಲ. 6ರ ಗುರುತಿನ ಮೇಲೆ ಹಸಿರು ಕಪ್ಪು ಕಲೆ ಬೇರೆ.

ಇದು ನನ್ನ ಗೆಳೆಯನದು. ದುಬೈಯಲ್ಲಿ ಹಡಗು ರಿಪೇರಿ ಯಾರ್ಡಿನಲ್ಲಿ ದುಡಿದು ಊರಿಗೆ ವಾಪಸ್ ಬಂದವನು. ಹೋದ ಮಳೆಗಾಲದಲ್ಲಿ ತೀರಿಕೊಂಡ. "ನೀವೇ ಇಟ್ಟುಕೊಳ್ಳಿ, ಇಲ್ಲಿ ಕಟ್ಟುವವರು ಯಾರೂ ಇಲ್ಲ" ಎಂದು ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನನ್ನ ಕೈಗೆ ಕೊಟ್ಟರು. ತಾರೀಕಿನ ಪಕ್ಕ ವಾರದ ಹೆಸರು ಅರಬ್ಬಿ ಅಕ್ಷರದಲ್ಲಿ ಬರುತ್ತದೆ. ಅವನಿಗೆ ಓದಲು ಬರುತ್ತಿದ್ದ ಅರಬ್ಬಿ ಅಂದರೆ ಆ ಏಳು ಹೆಸರು ಮಾತ್ರ. ಊರಿಗೆ ಬಂದ ಮೇಲೂ ಅದನ್ನು ಇಂಗ್ಲಿಷಿಗೆ ಬದಲಾಯಿಸಲಿಲ್ಲ.

ಇಲ್ಲೊಂದು ಅಂಗಡಿಯವರು ಹೊಸ ಡಯಲ್, ಹೊಸ ಮುಳ್ಳು ಹಾಕಿ, ಬಾಡಿ ಪಾಲಿಶ್ ಮಾಡಿ ಹೊಸದರ ಹಾಗೆ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದಾ? ನನಗೆ ಇದು ಓಡಬೇಕು, ನಾನು ಕಟ್ಟಬೇಕು, ಅಷ್ಟೇ. ಮಾರುವ ಯೋಚನೆ ಇಲ್ಲ.

ಉತ್ತರ (ಬೆಂಗಳೂರಿನಿಂದ)

ಸರ್, ಅಂಗಡಿಯವರಿಗೆ ಸದ್ಯಕ್ಕೆ ಬೇಡ ಎಂದುಬಿಡಿ. ಡಯಲ್ ಕಳಚಿ ಹೊಸದು ಹಾಕಿದರೆ ನಿಮ್ಮ ಗೆಳೆಯರು ದಿನಾ ನೋಡುತ್ತಿದ್ದ ಮುಖವೇ ಹೋಗುತ್ತದೆ. ಈ ಮಾಡೆಲ್‌ಗೆ ನಕಲಿ ಡಯಲ್, ನಕಲಿ ಮುಳ್ಳು ಮಾರ್ಕೆಟ್‌ನಲ್ಲಿ ತುಂಬಾ ಇವೆ. ತೆಗೆದ ಅಸಲಿ ಡಯಲ್ ವಾಪಸ್ ಬರುವ ಗ್ಯಾರಂಟಿ ಇಲ್ಲ. ಪಾಲಿಶ್ ಚಕ್ರಕ್ಕೆ ಹಿಡಿದರೆ ಆ ದಪ್ಪ ದಿಂಬಿನಂಥ ಬಾಡಿಯ ಅಂಚುಗಳು ಕರಗಿ ದುಂಡಗಾಗುತ್ತವೆ. ಹೋದ ಸ್ಟೀಲ್ ಮತ್ತೆ ಬರುವುದಿಲ್ಲ. ಕೆಲಸ ಆಗಬೇಕಾಗಿರುವುದು ಒಳಗಿನ ಯಂತ್ರಕ್ಕೆ ಮತ್ತು ನೀರು ತಡೆಯುವ ರಬ್ಬರಿಗೆ. ಹೊರಗಿನ ಗೀರುಗಳನ್ನು ಹಾಗೇ ಬಿಡಿ.

ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 1ರಿಂದ 9 ಜನವರಿಯಿಂದ ಸೆಪ್ಟೆಂಬರ್. ಎನ್ ಅಂದರೆ ನವೆಂಬರ್. ಈ ಮಾಡೆಲ್ ತಯಾರಾದದ್ದು 1976ರಿಂದ 1988ರ ನಡುವೆ. ಹಾಗಾಗಿ 4 ಎಂದರೆ 1984 ಒಂದೇ. ನಿಮ್ಮದು 1984ರ ನವೆಂಬರಿನ ವಾಚು. ಅವರು ಯಾವಾಗ ಕೊಂಡರು ಎಂದು ಮನೆಯವರನ್ನು ಕೇಳಿ ನೋಡಿ, ಲೆಕ್ಕ ಕೂಡಬಹುದು.

ಈಗ ಮಾಡಬೇಕಾದದ್ದು. ಮೊದಲು ಅಲ್ಲಾಡಿಸುವುದನ್ನು ನಿಲ್ಲಿಸಿ. ಒಳಗೆ ಎಣ್ಣೆ ಒಣಗಿರುತ್ತದೆ, ಮೇಲೆ ತೇವ ಬೇರೆ. ಆ ಸ್ಥಿತಿಯಲ್ಲಿ ಓಡಿಸಿದಷ್ಟೂ ಚಕ್ರಗಳ ತುದಿ ಸವೆಯುತ್ತದೆ. ಗಾಜಿನ ಮಂಜನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕರಾವಳಿಯ ಉಪ್ಪುಗಾಳಿಗೆ ಸ್ಟೀಲ್ ಬಾಡಿ ತಡೆಯುತ್ತದೆ, ಒಳಗಿನ ಸಣ್ಣ ಸ್ಕ್ರೂ ಮತ್ತು ಸ್ಪ್ರಿಂಗ್ ತಡೆಯುವುದಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಚ್ಚಳ ತೆಗೆಯದೆ ಇಟ್ಟರೆ ತೇವ ಒಳಗೇ ಇರುತ್ತದೆ, ತೆಗೆದು ಇಟ್ಟರೆ ಅಕ್ಕಿಯ ಧೂಳು ಒಳಗೆ ಹೋಗುತ್ತದೆ. ಮುಚ್ಚಳ ತೆಗೆಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ.

ಕೀ ತಿರುಪಿನದು, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬೆಚ್ಚಗಿನ ಬಟ್ಟೆಯನ್ನು ಬಾಡಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿ ಪ್ರಯತ್ನಿಸಿ. ಇಕ್ಕಳ ಮುಟ್ಟಲೇಬೇಡಿ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ, ಅದು ಕೀ ಹಾದಿಯಲ್ಲೇ ಒಳಗಿಳಿದು ಡಯಲ್ ಹಾಳು ಮಾಡುತ್ತದೆ.

ನಿಲ್ಲುವ ಕಾಯಿಲೆಗೆ ಕಾರಣ ಎರಡರಲ್ಲಿ ಒಂದು. ಒಂದೋ ಗಡಿಯಾರ ಓಡುವ ಭಾಗವೇ ಕೊಳೆಯಿಂದ ಕಚ್ಚಿಕೊಂಡಿದೆ, ಇಲ್ಲವೇ ಸ್ಪ್ರಿಂಗಿಗೆ ಕೀ ಆಗುತ್ತಲೇ ಇಲ್ಲ. 6309ಕ್ಕೆ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕೈ ಆಡಿದಾಗ ಒಳಗಿನ ರೋಟರ್ ಎಂಬ ತೂಕದ ತುಂಡು ತಿರುಗಿ ತಾನೇ ಕೀ ಕೊಟ್ಟುಕೊಳ್ಳಬೇಕು. ಯಾವ ಕಾರಣ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಮುಚ್ಚಳ ತೆಗೆದಾಗ ಮೇನ್‌ಸ್ಪ್ರಿಂಗಿನ (ವಾಚನ್ನು ಓಡಿಸುವ ಮುಖ್ಯ ಸ್ಪ್ರಿಂಗಿನ) ಮೇಲಿರುವ ದೊಡ್ಡ ಹಲ್ಲಿನ ಚಕ್ರ ಕಾಣುತ್ತದೆ. ಅದರ ನಡುವಿನ ಸ್ಕ್ರೂವನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಬಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿ ರಾತ್ರಿ ಬಿಡಿ. ಬೆಳಗಿನವರೆಗೆ ಓಡಿದರೆ ತೊಂದರೆ ಇರುವುದು ಕೀ ಆಗುವ ಕಡೆ. ಆಗಲೂ ನಿಂತರೆ ಇಡೀ ಮೂವ್‌ಮೆಂಟ್ (ಒಳಗಿನ ಯಂತ್ರ) ಜಡ್ಡುಗಟ್ಟಿದೆ ಎಂದರ್ಥ. ಈ ಒಂದು ಸಲದ ಓಟದಿಂದ ಏನೂ ಆಗುವುದಿಲ್ಲ. ಹಾಗೆಯೇ ರೋಟರನ್ನು ಬೆರಳಿನಿಂದ ಎರಡೂ ಕಡೆ ತಿರುಗಿಸಿ ಆ ದೊಡ್ಡ ಚಕ್ರ ಚೂರು ಚೂರೇ ಸರಿಯುತ್ತದಾ ನೋಡಲು ಹೇಳಿ.

ಇದನ್ನು ನೀವೇ ಮಾಡಬೇಡಿ, ಅಭ್ಯಾಸ ಇರುವವರ ಕೈಯಲ್ಲಿ ಮಾಡಿಸಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ತಯಾರಿಸಲು ಶುರು ಮಾಡಿತು. ಆ ಕಾಲದಿಂದ ಜಪಾನೀ ಮೂವ್‌ಮೆಂಟ್‌ಗಳ ಮೇಲೆ ಕೈ ಪಳಗಿದ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಥವರನ್ನು ಹುಡುಕಿ.

ಇನ್ನೊಬ್ಬರ ಉತ್ತರ (ಮಂಗಳೂರಿನಿಂದ)

ಬೆಜೆಲ್ ಬಗ್ಗೆ ಎರಡು ಮಾತು. ಈ ಮಾಡೆಲ್‌ನ ಬೆಜೆಲ್ ಎರಡೂ ಕಡೆ ತಿರುಗುತ್ತದೆ, ಒಂದು ಪೂರ್ತಿ ಸುತ್ತಿಗೆ 60 ಕ್ಲಿಕ್. ಕಚ್ಚಿಕೊಂಡಿರುವುದು ಬೆವರು, ಸೋಪು, ಉಪ್ಪು ಸೇರಿ ಗಟ್ಟಿಯಾದ ಕೊಳೆಯಿಂದ. ಮೂವ್‌ಮೆಂಟ್ ಹೊರಗೆ ತೆಗೆದ ಮೇಲೆ ಖಾಲಿ ಬಾಡಿಯನ್ನು ಬೆಚ್ಚನೆ ಸೋಪಿನ ನೀರಲ್ಲಿ ನೆನೆಹಾಕಿದರೆ ಸಾಕು, ತಾನೇ ಬಿಡುತ್ತದೆ. ಮೂವ್‌ಮೆಂಟ್ ಒಳಗಿರುವಾಗ ದಯವಿಟ್ಟು ನೀರಿಗೆ ಹಾಕಬೇಡಿ. ಚಾಕು ತೂರಿಸಿ ಎಬ್ಬಿಸಿದರೆ ಕ್ಲಿಕ್ ಕೊಡುವ ಒಳಗಿನ ಚಿಕ್ಕ ಭಾಗ ಹಾರಿಹೋಗುತ್ತದೆ, ಮತ್ತೆ ಸಿಕ್ಕುವುದು ಕಷ್ಟ.

ಹೊಳೆಯದಿರುವುದಕ್ಕೆ ಬೇಜಾರು ಬೇಡ. ಆಗಿನ ಸೈಕೋ ಡೈವ್ ವಾಚುಗಳ ಬಣ್ಣದಲ್ಲಿ ಪ್ರೊಮೀಥಿಯಂ ಎಂಬ ವಿಕಿರಣಶೀಲ ವಸ್ತು ಇರುತ್ತಿತ್ತು. ಸುಮಾರು 2.6 ವರ್ಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. 1984ರದ್ದು ಈಗ ಹೊಳೆಯುವ ಮಾತೇ ಇಲ್ಲ. ಹಸಿರು ಕಲೆ ತೇವದಿಂದ ಬಂದದ್ದು. ಒರೆಸಲು ಹೋದರೆ ಬಣ್ಣ ಪುಡಿಪುಡಿಯಾಗಿ ಉದುರಿ ಚಕ್ರಗಳ ನಡುವೆ ಬೀಳುತ್ತದೆ. ತೇವ ನಿಂತರೆ ಕಲೆಯೂ ಅಲ್ಲೇ ನಿಲ್ಲುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಅತ್ತಿಗೆಯನ್ನು ಕೇಳಿದೆ. 1985ರಲ್ಲಿ ಅವರ ಮದುವೆಗೆಂದು ರಜೆ ಹಾಕಿ ಬಂದಾಗ ಇದೇ ವಾಚು ಕೈಯಲ್ಲಿತ್ತಂತೆ. ಮದುವೆ ಫೋಟೋ ತೆಗೆದು ತೋರಿಸಿದರು, ಅಂಗಿಯ ತೋಳಿನ ಕೆಳಗೆ ಅರ್ಧ ಕಾಣುತ್ತದೆ. ಡಯಲ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಉಡುಪಿಯಲ್ಲಿ ಒಬ್ಬ ಹಿರಿಯ ರಿಪೇರಿಯವರು ಸಿಕ್ಕಿದರು. ಗ್ಲೌಸ್ ಉಪಾಯಕ್ಕೆ ಕೀ ಬಿಟ್ಟಿತು. ಮುಚ್ಚಳ ತೆಗೆದರೆ ಹಳೆಯ ಓರಿಂಗ್ (ರಬ್ಬರ್ ಬಳೆ) ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಮುಚ್ಚಳದ ಒಳಮೈಯಲ್ಲಿ ದುಂಡಗೆ ಉಜ್ಜಿದ ಗೆರೆ ಇದೆ. ಸ್ಕ್ರೂ ತಿರುಗಿಸಿ ಕೀ ಕೊಟ್ಟು ಬಿಟ್ಟರೆ ಬೆಳಗಿನವರೆಗೂ ಓಡಿತು, ಸ್ವಲ್ಪ ನಿಧಾನವಾಗಿತ್ತು. ರೋಟರ್ ಯಾವ ಕಡೆ ತಿರುಗಿಸಿದರೂ ದೊಡ್ಡ ಚಕ್ರ ಸ್ವಲ್ಪ ಸರಿಯುತ್ತದೆ, ಆಮೇಲೆ ಸ್ವಲ್ಪ ಹೊತ್ತು ರೋಟರ್ ಸುಮ್ನೆ ಜಾರುತ್ತದೆ. ಮುಂದೇನು? ಕೆಟ್ಟಿದ್ದರೆ ಇಡೀ ಮೂವ್‌ಮೆಂಟ್ ಬದಲಿಸುವುದು ಸುಲಭ ಎನ್ನುತ್ತಾರೆ ಅವರು.

ಉತ್ತರ (ಬೆಂಗಳೂರಿನಿಂದ)

ಒಳ್ಳೆಯ ಸುದ್ದಿ ಸರ್. ಓಡುವ ಭಾಗಕ್ಕೆ ಜೀವ ಇದೆ. ತೊಂದರೆ ಮ್ಯಾಜಿಕ್ ಲಿವರ್‌ನಲ್ಲಿ. ಸೈಕೋ ಇದನ್ನು 1959ರಲ್ಲಿ ತಂದಿತು. ಎರಡು ಕೈಗಳಿರುವ ಒಂದು ಸಣ್ಣ ಕವೆ, ಎರಡೂ ಕೈಯ ತುದಿಗಳು ಒಂದು ಹಲ್ಲಿನ ಚಕ್ರವನ್ನು ಹಿಡಿದಿರುತ್ತವೆ. ರೋಟರ್ ಯಾವ ಕಡೆ ತಿರುಗಿದರೂ ಒಂದು ಕೈ ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ, ಕೀ ಆಗುತ್ತಲೇ ಇರುತ್ತದೆ. ನಿಮ್ಮದರಲ್ಲಿ ಒಂದು ಕೈ ಹಲ್ಲಿಗೆ ಸಿಗುತ್ತಿಲ್ಲ. ಕೊಳೆ ಕೂತಿರಬಹುದು, ತುದಿ ಸವೆದಿರಬಹುದು, ಹಿಂದೆ ಯಾರೋ ಜೋಡಿಸುವಾಗ ಬಗ್ಗಿಸಿರಬಹುದು. ಮುಚ್ಚಳದ ಗೆರೆ ನೋಡಿದರೆ ರೋಟರಿನ ಬೇರಿಂಗ್ ಸಡಿಲವಾಗಿ ಅದು ಮುಚ್ಚಳಕ್ಕೆ ಉಜ್ಜುತ್ತಿದೆ. ಅದೂ ಕೀ ಆಗುವುದನ್ನು ಕಡಿಮೆ ಮಾಡುತ್ತದೆ.

ಮೂವ್‌ಮೆಂಟ್ ಬದಲಿಸುವ ಅಗತ್ಯವಿಲ್ಲ. ಇದೇ 6309 ಮೂವ್‌ಮೆಂಟ್ ಹಳೆಯ ಸೈಕೋ 5 ವಾಚುಗಳಲ್ಲೂ ಬರುತ್ತಿತ್ತು. ಡಯಲ್ ಹಾಳಾದ ಒಂದು ಸೈಕೋ 5 ಕಡಿಮೆ ಬೆಲೆಗೆ ಸಿಕ್ಕರೆ ಲಿವರ್, ರೋಟರ್ ಎರಡೂ ಅದರಿಂದ ತೆಗೆದುಕೊಳ್ಳಬಹುದು. ಅಷ್ಟನ್ನೇ ತೆಗೆದುಕೊಳ್ಳಲು ಹೇಳಿ. ಇಡೀ ಮೂವ್‌ಮೆಂಟ್ ಎತ್ತಿ ಕೂರಿಸಿದರೆ ವಾರದ ಚಕ್ರವೂ ಅದರ ಜೊತೆಗೆ ಬರುತ್ತದೆ, ಅರಬ್ಬಿ ಹೋಗಿ ಸ್ಪ್ಯಾನಿಷೋ ಇನ್ನೇನೋ ಕೂರುತ್ತದೆ. ವಾರದ ಚಕ್ರ ಹಳೆಯದೇ ಇರಬೇಕು ಎಂದು ಚೀಟಿಯಲ್ಲಿ ಬರೆದು ವಾಚಿನ ಜೊತೆ ಇಡಿ. ಬಾಯಿಮಾತು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಸರ್ವಿಸ್ ಹೇಗೆ ಮಾಡುತ್ತಾರೆ ಎಂದು ಮೊದಲೇ ಕೇಳಿ. ಮೂವ್‌ಮೆಂಟನ್ನು ಬಿಚ್ಚದೆ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಊದಿ, ಹೊಲಿಗೆ ಮಷಿನ್ ಎಣ್ಣೆ ಬಿಡುವ ಪದ್ಧತಿ ಇದೆ. ಕೆಲವು ತಿಂಗಳು ಓಡುತ್ತದೆ. ಆಮೇಲೆ ಆ ಎಣ್ಣೆ ಹರಡಿ ಕೊಳೆ ಹಿಡಿದು ಮೊದಲಿಗಿಂತ ಕೆಡುತ್ತದೆ. ಒಂದೊಂದು ಚಕ್ರವನ್ನೂ ಬಿಚ್ಚಿ ತೊಳೆಯಬೇಕು. ಮೇನ್‌ಸ್ಪ್ರಿಂಗ್ ಡಬ್ಬಿಯ ಒಳಗೋಡೆಗೆ ಅದರದ್ದೇ ಗ್ರೀಸ್ ಇದೆ, ಅದು ಇಲ್ಲದಿದ್ದರೆ ಸ್ಪ್ರಿಂಗ್ ಪೂರ್ತಿ ತುಂಬುವ ಮೊದಲೇ ಜಾರುತ್ತದೆ. ಹೆಚ್ಚು ಹಣ ಆದರೂ ಪರವಾಗಿಲ್ಲ, ಇಲ್ಲಿ ಉಳಿಸಬೇಡಿ.

ನೀರು ತಡೆಯುವ ರಬ್ಬರು ಮೂರು ಕಡೆ ಇದೆ: ಹಿಂದಿನ ಮುಚ್ಚಳ, ಕೀಯ ಒಳಗೆ, ಗಾಜಿನ ಸುತ್ತ. ಮೂರನ್ನೂ ಬದಲಿಸಿ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮುಚ್ಚಳದ್ದು ಮಾತ್ರ ಬದಲಿಸಿ ಬಿಡುವವರು ಜಾಸ್ತಿ. ಆದರೆ ನೀರು ಹೆಚ್ಚಾಗಿ ಇಳಿಯುವುದು ಕೀ ಹಾದಿಯಲ್ಲಿ. ಕೀಯ ತಿರುಪಿನ ಎಳೆ ಸವೆದಿದೆಯಾ ನೋಡಲಿ. ಕೊನೆಗೆ ಗಾಳಿಯ ಒತ್ತಡದ ಟೆಸ್ಟ್ ಮಾಡಿಸಿ, ನೀರಲ್ಲಿ ಮುಳುಗಿಸುವ ಟೆಸ್ಟ್ ಬೇಡ.

ಟೆಸ್ಟ್ ಪಾಸಾದರೂ ನೇತ್ರಾಣಿಗೆ ಡೈವಿಂಗ್ ಹೋಗುವಾಗ ಕಟ್ಟಬೇಡಿ. 150 ಮೀಟರ್ ಎಂಬ ಲೆಕ್ಕ ಬಾಡಿ, ಗಾಜು, ಕೀ ಎಲ್ಲಾ ಹೊಸದಿದ್ದಾಗಿನದು. ಮಳೆಗೆ, ಕೈ ತೊಳೆಯಲು ಹೆದರಬೇಕಿಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ವಾಚು ಕೈಗೆ ಬಂತು. ಲಿವರ್ ಮತ್ತು ರೋಟರ್ ಹಳೆಯ ಸೈಕೋ 5ರದ್ದು, ಉಳಿದದ್ದೆಲ್ಲ ಅವನದೇ. ತೆಗೆದ ಭಾಗಗಳನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ. ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಮುಂದೆ ಹೋಗುತ್ತದೆ. ಬೆಜೆಲ್ ಟಕ್ ಟಕ್ ಎಂದು ತಿರುಗುತ್ತದೆ. ಆದರೆ ನಾನು ಮನೆಯಲ್ಲೇ ಕೂತಿರುವ ದಿನ ಮರುದಿನ ಬೆಳಿಗ್ಗೆ ನಿಂತಿರುತ್ತದೆ. ಏನಾದರೂ ತಪ್ಪಾಗಿದೆಯಾ? ಬೆಲ್ಟ್ ಯಾವುದು ಹಾಕಲಿ?

ಉತ್ತರ (ಬೆಂಗಳೂರಿನಿಂದ)

ಏನೂ ತಪ್ಪಿಲ್ಲ. ಕೈ ಆಡದ ದಿನ ಕೀ ಕಡಿಮೆ ಆಗುತ್ತದೆ, ಅಷ್ಟೇ. ಸಂಜೆ ಒಂದು ಸುತ್ತು ನಡೆದು ಬನ್ನಿ. ಈ ವಯಸ್ಸಿನ ವಾಚಿಗೆ ಹನ್ನೆರಡು ಸೆಕೆಂಡ್ ಅಂದರೆ ಬಹಳ ಚೆನ್ನಾಗಿ ಮಾಡಿಕೊಟ್ಟಿದ್ದಾರೆ, ಆ ಹಿರಿಯರಿಗೆ ನನ್ನ ನಮಸ್ಕಾರ ಹೇಳಿ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಕು, ವಾರ ಬದಲಿಸಬೇಡಿ. ಆಗ ಒಳಗಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಮುರಿಯಬಹುದು.

ಬೆಲ್ಟ್ 22 ಮಿಲಿಮೀಟರ್. ರಬ್ಬರಿನದೋ ನೈಲಾನಿನದೋ ಹಾಕಿ, ನಮ್ಮ ಸೆಕೆಗೆ ಚರ್ಮದ್ದು ಬೇಗ ಕೊಳೆಯುತ್ತದೆ. ಬೆಲ್ಟ್ ಹಿಡಿಯುವ ಕಡ್ಡಿಗಳ ಬಗ್ಗೆ ಮಾತ್ರ ಎಚ್ಚರ. ಸೈಕೋ ಡೈವ್ ವಾಚುಗಳಿಗೆ 2.5 ಮಿಲಿಮೀಟರಿನ ದಪ್ಪ ಸ್ಪ್ರಿಂಗ್ ಬಾರ್ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಸಿಕ್ಕ ತೆಳು ಕಡ್ಡಿ ಹಾಕಿಬಿಡುತ್ತಾರೆ. ಅದರ ತುದಿ ಬಾಡಿಯ ದೊಡ್ಡ ತೂತಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಬಸ್ ಹತ್ತುವಾಗ ಒಮ್ಮೆ ಎಳೆದರೆ ವಾಚು ಕಳಚಿ ಬೀಳುತ್ತದೆ. ಹಳೆಯ ಕಡ್ಡಿಗಳು ಆ ಡಬ್ಬಿಯಲ್ಲಿದ್ದರೆ ತೆಗೆದುಕೊಂಡು ಹೋಗಿ, ಅದೇ ದಪ್ಪದ್ದು ಕೊಡಿ ಎಂದು ಕೇಳಿ.